ಸರದಿ ತಪ್ಪಿದರೆ ತೈಲವಿಲ್ಲ

1983ರ ಡಿಸೆಂಬರ್‌ನಲ್ಲಿ ಅಲಾಸ್ಕಾದ ಉತ್ತರ ಅಂಚಿನ ಬ್ಯೂಫೋರ್ಟ್ ಸಮುದ್ರದಲ್ಲಿ ಮಕ್ಲಕ್ ಎಂಬ ತೈಲಬಾವಿ ಬರಡೆಂದು ಗೊತ್ತಾಯಿತು. ಬರಡು ಬಾವಿ ತೈಲೋದ್ಯಮಕ್ಕೆ ಹೊಸದಲ್ಲ. ಆದರೆ ಈ ಬಾವಿಯ ಮೇಲೆ ಇಟ್ಟಿದ್ದ ಆಸೆ, ಸುರಿದಿದ್ದ ಹಣ ಎರಡೂ ಅಳತೆ ಮೀರಿದ್ದವು. ಕೊರೆಯುವುದಕ್ಕೆಂದೇ ಸೋಹಾಯೊ ಕಂಪನಿ ಮತ್ತು ಅದರ ಪಾಲುದಾರರು ಸಮುದ್ರಕ್ಕೆ ಜಲ್ಲಿ ಸುರಿದು ದ್ವೀಪವೊಂದನ್ನು ಕಟ್ಟಿದ್ದರು. ಆ ಜಾಗದ ಹಕ್ಕಿಗಾಗಿ ಕಂಪನಿಗಳೆಲ್ಲ ಸೇರಿ ಸಲ್ಲಿಸಿದ ಮೊತ್ತವೇ 150 ಕೋಟಿ ಡಾಲರ್ ದಾಟಿತ್ತು. ಇಷ್ಟು ಧೈರ್ಯಕ್ಕೆ ಆಧಾರವೂ ಇತ್ತು. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದ ಪ್ರೂಡೋ ಬೇಯಲ್ಲಿ 1968ರಲ್ಲಿ ಅಮೆರಿಕದ ಅತಿ ದೊಡ್ಡ ತೈಲಕ್ಷೇತ್ರ ಪತ್ತೆಯಾಗಿತ್ತು. ಮಕ್ಲಕ್‌ನ ಕೆಳಗೂ ಅದೇ ಮರಳುಗಲ್ಲು ಇತ್ತು, ಅದರ ಮೇಲೆ ಮುಚ್ಚಳದಂಥ ಪದರವಿತ್ತು, ಗುಮ್ಮಟದಂತೆ ಉಬ್ಬಿದ ದೊಡ್ಡ ರಚನೆಯೂ ಇತ್ತು. ಕೊರೆಯುವ ಬಿಟ್ ಆ ಮರಳುಗಲ್ಲನ್ನು ಮುಟ್ಟಿದಾಗ ಮೇಲೆ ಬಂದ ಚೂರುಗಳಲ್ಲಿ ಎಣ್ಣೆಯ ಕಲೆಯೂ ಕಂಡಿತು. ಆದರೆ ಕಲ್ಲಿನ ರಂಧ್ರಗಳಲ್ಲಿ ತುಂಬಿದ್ದದ್ದು ಉಪ್ಪುನೀರು.

ಎಂದರೆ, ತೈಲ ಅಲ್ಲಿಗೆ ಬಂದಿತ್ತು, ಬಹುಕಾಲ ನಿಂತಿತ್ತು, ಆಮೇಲೆ ಹೊರಟುಹೋಗಿತ್ತು. ಮೇಲಿನ ಮುಚ್ಚಳ ಸೋರಿರಬೇಕು, ಇಲ್ಲವೇ ಪದರಗಳು ವಾಲಿ ಸಂಗ್ರಹ ಬೇರೆಡೆಗೆ ಸರಿದಿರಬೇಕು. ಭೂವಿಜ್ಞಾನಿಗಳು ಗುರುತಿಸಿದ ಜಾಗ ತಪ್ಪಾಗಿರಲಿಲ್ಲ. ಮನುಷ್ಯ ಅಲ್ಲಿಗೆ ತಲುಪುವ ಹೊತ್ತಿಗೆ ಲಕ್ಷಾಂತರ ವರ್ಷ ಮೀರಿತ್ತು, ಅಷ್ಟೇ.

ಪೆಟ್ರೋಲಿಯಂ ಕುರಿತ ಈ ಉಪನ್ಯಾಸದ ಮುಖ್ಯ ಮಾತನ್ನು ಮಕ್ಲಕ್ ಬಾವಿ ಎಲ್ಲಕ್ಕಿಂತ ಚೆನ್ನಾಗಿ ಹೇಳುತ್ತದೆ. ತೈಲ ‘ಎಲ್ಲಿದೆ’ ಎಂಬುದು ಅರ್ಧ ಪ್ರಶ್ನೆ. ಅದು ಯಾವಾಗ ಹುಟ್ಟಿತು, ಯಾವಾಗ ಹೊರಟಿತು, ಅದು ಬರುವ ಹೊತ್ತಿಗೆ ಅದನ್ನು ಹಿಡಿದಿಡುವ ಕಲ್ಲು ಸಿದ್ಧವಾಗಿತ್ತೇ, ಆಮೇಲೆ ಏನೂ ಕೆಡದೆ ಉಳಿಯಿತೇ ಎಂಬುದು ಉಳಿದರ್ಧ. ಕೋಟ್ಯಂತರ ವರ್ಷಗಳ ಉದ್ದಕ್ಕೆ ಹರಡಿದ ಐದಾರು ಘಟನೆಗಳು ಸರಿಯಾದ ಸರದಿಯಲ್ಲಿ ನಡೆದಿರಬೇಕು. ಒಂದು ಹಿಂದುಮುಂದಾದರೂ ಬಾವಿ ಬರಡು. ಹೀಗಾಗಿ ತೈಲ ಹುಡುಕುವುದೆಂದರೆ ನೆಲದಡಿಯ ನಿಧಿಯನ್ನು ಹುಡುಕುವುದಕ್ಕಿಂತ ಹೆಚ್ಚಾಗಿ ಕಲ್ಲಿನ ಚರಿತ್ರೆಯನ್ನು ಮತ್ತೆ ಕಟ್ಟಿನೋಡುವುದು.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ನೆಲದಡಿಯಲ್ಲಿ ಎಣ್ಣೆಯ ಕೆರೆಗಳಿಲ್ಲ, ಹೊಳೆಗಳಿಲ್ಲ. ಹೊಸ ಇಟ್ಟಿಗೆ ನೀರು ಕುಡಿಯುವಂತೆ ಕಲ್ಲು ತೈಲವನ್ನು ತನ್ನ ಕಣಕಣಗಳ ನಡುವೆ ಕುಡಿದು ನಿಂತಿರುತ್ತದೆ. ಒಳ್ಳೆಯ ಮರಳುಗಲ್ಲಿನಲ್ಲಿ ನೂರಕ್ಕೆ 20ರಷ್ಟು ಭಾಗ ಇಂಥ ರಂಧ್ರಗಳಿದ್ದರೆ ಅದು ದೊಡ್ಡ ಭಾಗ್ಯ. ಆ ರಂಧ್ರಗಳು ಒಂದಕ್ಕೊಂದು ಸೇರಿಕೊಂಡೂ ಇರಬೇಕು, ಇಲ್ಲದಿದ್ದರೆ ತೈಲ ಇದ್ದೂ ಬಾವಿಗೆ ಹರಿದುಬಾರದು. ಹರಿಯುವಂಥ ಕಲ್ಲಿನಿಂದಲೂ ಎಲ್ಲವೂ ಮೇಲೆ ಬರುವುದಿಲ್ಲ. ಜಗತ್ತಿನ ತೈಲಕ್ಷೇತ್ರಗಳಲ್ಲಿ ಸರಾಸರಿ ಮೂರರಲ್ಲಿ ಒಂದು ಪಾಲು ಕೈಗೆ ಸಿಗುತ್ತದೆ, ಉಳಿದದ್ದು ಕಲ್ಲಿಗೇ ಅಂಟಿ ಉಳಿಯುತ್ತದೆ.

ಈ ತೈಲ ಬಂದದ್ದೆಲ್ಲಿಂದ? ಡೈನೋಸಾರ್‌ಗಳು ಸತ್ತು ಪೆಟ್ರೋಲ್ ಆದವು ಎಂಬ ಮಾತು ಮಕ್ಕಳ ಪುಸ್ತಕಗಳಿಂದ ಹಿಡಿದು ಬಂಕ್‌ಗಳ ಜಾಹೀರಾತಿನವರೆಗೆ ಹರಡಿದೆ. ಅದು ನಿಜವಲ್ಲ. ತೈಲದ ಮೂಲ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಸಮುದ್ರ ಮತ್ತು ಸರೋವರಗಳ ಮೇಲ್ಪದರದಲ್ಲಿ ಬಿಸಿಲುಂಡು ಬೆಳೆಯುವ ಪಾಚಿ ಮತ್ತು ಪ್ಲವಕಗಳು. ಕೆಲವೆಡೆ, ಅಸ್ಸಾಂನಲ್ಲಿರುವಂತೆ, ಗಿಡಮರಗಳ ಅವಶೇಷಗಳೂ ಸೇರುತ್ತವೆ. ಇವು ಸತ್ತು ತಳಕ್ಕೆ ಬಿದ್ದಾಗ ಸಾಮಾನ್ಯವಾಗಿ ಕೊಳೆತು ಇಲ್ಲವಾಗುತ್ತವೆ, ನೂರಕ್ಕೆ ಒಂದು ಪಾಲೂ ಉಳಿಯುವುದಿಲ್ಲ. ಉಳಿಯಬೇಕಾದರೆ ತಳದ ನೀರಿನಲ್ಲಿ ಆಮ್ಲಜನಕ ಇರಬಾರದು. ಇಂದಿನ ಕಪ್ಪು ಸಮುದ್ರ ಅಂಥದ್ದು. ಸುಮಾರು 200 ಮೀಟರ್‌ಗಿಂತ ಕೆಳಗೆ ಅಲ್ಲಿ ಆಮ್ಲಜನಕವಿಲ್ಲ, ಬಿದ್ದದ್ದು ಕೊಳೆಯದೆ ಕಪ್ಪು ಕೆಸರಾಗಿ ಕೂರುತ್ತದೆ. ಅದರ ಮೇಲೆ ನದಿಗಳು ತಂದ ಹೂಳು ಬೀಳುತ್ತ ಹೋದರೆ ಕೆಸರು ಗಟ್ಟಿಯಾಗಿ ಕಪ್ಪು ಜೇಡಿಗಲ್ಲಾಗುತ್ತದೆ. ಅದರಲ್ಲಿ ನೂರಕ್ಕೆ ಎರಡು ಭಾಗ ಜೈವಿಕ ಇಂಗಾಲವಿದ್ದರೂ ಸಾಕು, ತೈಲತಜ್ಞರಿಗೆ ಅದು ಒಳ್ಳೆಯ ಮೂಲಶಿಲೆ.

ಇದು ಬರಿಯ ಊಹೆಯಲ್ಲ ಎಂದು ತೋರಿಸಿದವರು ಜರ್ಮನಿಯ ರಸಾಯನ ವಿಜ್ಞಾನಿ ಆಲ್ಫ್ರೆಡ್ ಟ್ರೈಬ್ಸ್. 1930ರ ದಶಕದ ಮಧ್ಯಭಾಗದಲ್ಲಿ ಅವರು ಕಚ್ಚಾ ತೈಲದಲ್ಲಿ ಪಾರ್ಫಿರಿನ್ ಎಂಬ ಅಣುಗಳನ್ನು ಗುರುತಿಸಿದರು. ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತಿನ ಅಣುವಿನ ಚೌಕಟ್ಟೇ ಅದು, ಕೋಟ್ಯಂತರ ವರ್ಷ ನೆಲದಡಿಯಲ್ಲಿದ್ದೂ ಗುರುತು ಸಿಗುವಷ್ಟು ಉಳಿದಿತ್ತು. ಇಂದು ಇಂಥ ಹತ್ತಾರು ‘ಜೈವಿಕ ಗುರುತು’ಗಳನ್ನು ಅಳೆದು, ಒಂದು ಬಾವಿಯ ತೈಲ ಯಾವ ಕಾಲದ, ಯಾವ ಪದರದ ಕೆಸರಿನಿಂದ ಬಂದಿದೆ ಎಂದು ಪ್ರಯೋಗಾಲಯದಲ್ಲೇ ಹೇಳಬಹುದು. ತೈಲ ಭೂಮಿಯ ಆಳದಿಂದ, ಜೀವದ ನಂಟಿಲ್ಲದೆ ಹುಟ್ಟುತ್ತದೆ ಎಂಬ ವಾದವೂ ಹಳೆಯದೇ. ಮೂಲಧಾತುಗಳ ಕೋಷ್ಟಕ ಕೊಟ್ಟ ಮೆಂಡಲೀಫ್ ಹತ್ತೊಂಬತ್ತನೆಯ ಶತಮಾನದಲ್ಲಿ ಹಾಗೆ ನಂಬಿದ್ದರು. ಖಗೋಳ ವಿಜ್ಞಾನಿ ಥಾಮಸ್ ಗೋಲ್ಡ್ ಅದನ್ನು ಮತ್ತೆ ಎತ್ತಿಕೊಂಡರು. ಅವರ ವಾದವನ್ನು ಪರೀಕ್ಷಿಸಲೆಂದು 1980ರ ದಶಕದಲ್ಲಿ ಸ್ವೀಡನ್ನಿನ ಸಿಲ್ಯಾನ್ ಎಂಬಲ್ಲಿ, ಉಲ್ಕೆ ಬಿದ್ದು ಬಿರುಕುಬಿಟ್ಟ ಗ್ರಾನೈಟಿನಲ್ಲಿ ಆರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಕೊರೆದರು. ಮಾರಾಟ ಮಾಡುವಷ್ಟು ಅನಿಲವಾಗಲಿ ತೈಲವಾಗಲಿ ಬರಲಿಲ್ಲ. ಕೊರೆದು ನೋಡಿದ್ದು ಸರಿಯಾದ ಕೆಲಸ. ಭೂವಿಜ್ಞಾನದಲ್ಲಿ ವಾದ ತೀರುವುದು ಬಾವಿಯ ತಳದಲ್ಲೇ.

ಕಪ್ಪು ಜೇಡಿಗಲ್ಲು ಇದ್ದರೆ ತೈಲ ಸಿದ್ಧ ಎನ್ನುವಂತಿಲ್ಲ. ಆ ಕಲ್ಲಿನೊಳಗಿನ ಜೈವಿಕ ವಸ್ತು ಮೊದಲಿಗೆ ಕೆರೊಜೆನ್ ಎಂಬ ಘನ ಪದಾರ್ಥವಾಗಿರುತ್ತದೆ, ಅದು ಹರಿಯುವುದಿಲ್ಲ. ಅದಕ್ಕೆ ಶಾಖ ಬೇಕು. ನೆಲದಲ್ಲಿ ಒಂದೊಂದು ಕಿಲೋಮೀಟರ್ ಕೆಳಗಿಳಿದಂತೆ ಉಷ್ಣತೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಮೂಲಶಿಲೆ ಎರಡು ಕಿಲೋಮೀಟರ್ ಆಸುಪಾಸಿನ ಆಳಕ್ಕೆ ಹೂತು 60 ಡಿಗ್ರಿ ದಾಟಿದಾಗ ಕೆರೊಜೆನ್ ನಿಧಾನವಾಗಿ ಒಡೆದು ತೈಲವಾಗತೊಡಗುತ್ತದೆ. 120ರಿಂದ 150 ಡಿಗ್ರಿಯ ತನಕ ಈ ಕೆಲಸ ನಡೆಯುತ್ತದೆ. ಅದಕ್ಕಿಂತ ಬಿಸಿಯಾದರೆ ತೈಲವೇ ಒಡೆದು ಅನಿಲವಾಗುತ್ತದೆ, ಇನ್ನೂ ಬಿಸಿಯಾದರೆ ಉಳಿಯುವುದು ಗ್ರಾಫೈಟಿನಂಥ ಕರಿ ಮಾತ್ರ. ಹೂತದ್ದು ಕಡಿಮೆಯಾದರೂ ಕೆಲಸ ಕೆಡುತ್ತದೆ. ಅಮೆರಿಕದ ಕೊಲರಾಡೊ, ಯೂಟಾ, ವಯೋಮಿಂಗ್ ರಾಜ್ಯಗಳ ನೆಲದಡಿಯಲ್ಲಿ ಗ್ರೀನ್ ರಿವರ್ ಎಂಬ ಪದರವಿದೆ. ಸುಮಾರು ಐದು ಕೋಟಿ ವರ್ಷಗಳ ಹಿಂದಿನ ಸರೋವರಗಳ ಕೆಸರದು. ಅದರಲ್ಲಿರುವ ಕೆರೊಜೆನ್ ಅಪಾರ, ಆದರೆ ಬಹುಪಾಲು ಸಾಕಷ್ಟು ಶಾಖ ಕಾಣಲೇ ಇಲ್ಲ. ಅದನ್ನು ತೈಲ ಮಾಡಬೇಕೆಂದರೆ ಮನುಷ್ಯನೇ ಕಲ್ಲನ್ನು ಬಿಸಿ ಮಾಡಬೇಕು. ನೂರು ವರ್ಷಗಳಿಂದ ಪ್ರಯತ್ನ ನಡೆದಿದ್ದರೂ ಲಾಭದ ಲೆಕ್ಕ ಕೂಡಿಬಂದಿಲ್ಲ.

ಹುಟ್ಟಿದ ತೈಲ ಹುಟ್ಟಿದಲ್ಲೇ ನಿಲ್ಲುವುದಿಲ್ಲ. ಮೇಲಿನ ಪದರಗಳ ಭಾರಕ್ಕೆ ಜೇಡಿಗಲ್ಲು ಹಿಂಡಿದಂತಾಗಿ ತೈಲ ಪಕ್ಕದ ಸರಂಧ್ರ ಕಲ್ಲಿಗೆ ಜಾರುತ್ತದೆ. ಅಲ್ಲಿ ಆಗಲೇ ಉಪ್ಪುನೀರು ತುಂಬಿರುತ್ತದೆ. ನೀರಿಗಿಂತ ಹಗುರವಾದ್ದರಿಂದ ತೈಲ ಮೇಲಮೇಲಕ್ಕೆ, ಪದರದ ಇಳಿಜಾರನ್ನು ಹಿಡಿದು ಹತ್ತಾರು ಕಿಲೋಮೀಟರ್ ಸಾಗುತ್ತದೆ. ದಾರಿಯಲ್ಲಿ ತಡೆ ಇಲ್ಲದಿದ್ದರೆ ನೆಲದ ಮೇಲಕ್ಕೇ ಬಂದು ಹಾಳಾಗುತ್ತದೆ. ಭೂಮಿಯಲ್ಲಿ ಹುಟ್ಟಿದ ತೈಲದ ಬಹುಪಾಲಿನ ಗತಿ ಇದೇ. ಮೆಸೊಪೊಟೇಮಿಯದವರು ದೋಣಿಗೂ ಗೋಡೆಗೂ ಬಳಿದ ಡಾಂಬರು, ಬಾಕು ಸುತ್ತಲಿನ ಆರದ ಬೆಂಕಿಗಳು ಹೀಗೆ ಸೋರಿ ಬಂದವುಗಳೇ. ಕೆನಡಾದ ಅಥಾಬಾಸ್ಕದಲ್ಲಿ ತೈಲ ಮೇಲ್ಪದರಕ್ಕೆ ಬಂದು ತಲುಪಿದ ಮೇಲೆ ಬ್ಯಾಕ್ಟೀರಿಯಾಗಳು ಅದರ ಹಗುರ ಭಾಗವನ್ನೆಲ್ಲ ತಿಂದು, ಮಂದವಾದ ಟಾರನ್ನು ಮರಳಿನಲ್ಲಿ ಬಿಟ್ಟಿವೆ.

ತಡೆ ಸಿಕ್ಕರೆ ಮಾತ್ರ ಸಂಗ್ರಹ. ತಡೆ ಎಂದರೆ ತೈಲವನ್ನು ಹಾಯಗೊಡದ ಜೇಡಿಗಲ್ಲಿನ ಅಥವಾ ಉಪ್ಪಿನ ಪದರ, ಅದೂ ತೈಲ ಹೊರಳಿ ತಪ್ಪಿಸಿಕೊಳ್ಳದ ಆಕಾರದಲ್ಲಿ. ಪದರಗಳು ಮಡಿಚಿ ಕಮಾನಿನಂತೆ ಎದ್ದಿರಬಹುದು, ಬಿರುಕಿನ ಗುಂಟ ಜಾರಿ ಸರಂಧ್ರ ಕಲ್ಲಿಗೆ ಎದುರಾಗಿ ಜೇಡಿಗಲ್ಲು ನಿಂತಿರಬಹುದು, ಮರಳಿನ ಪದರವೇ ತೆಳುವಾಗುತ್ತ ಹೋಗಿ ಜೇಡಿಯಲ್ಲಿ ಮುಗಿದಿರಬಹುದು. ಇವೆಲ್ಲ ತೈಲ ಬರುವ ಮುಂಚೆಯೇ ಸಿದ್ಧವಾಗಿರಬೇಕು. ಸರದಿಯ ಲೆಕ್ಕ ಬಹಳ ಸಲ ತಪ್ಪುವುದು ಇಲ್ಲೇ.

ಹುಡುಕಾಟದ ಕಥೆ ಶುರುವಾಗುವುದು ಸೋರಿಕೆಗಳಿಂದ. 1859ರ ಆಗಸ್ಟ್ 27ರಂದು ಪೆನ್ಸಿಲ್ವೇನಿಯದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿಯಲ್ಲಿ ಬರೀ 21 ಮೀಟರ್ ಆಳದಲ್ಲಿ ತೈಲ ಸಿಕ್ಕಿತು. ಅಲ್ಲಿನ ತೊರೆಯ ನೀರಿನ ಮೇಲೆ ಎಣ್ಣೆ ತೇಲುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಭಾರತ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ಎಂಟೇ ವರ್ಷಗಳಲ್ಲಿ, 1867ರ ಮಾರ್ಚ್‌ನಲ್ಲಿ, ಮೇಲಣ ಅಸ್ಸಾಂನ ಮಾಕುಮ್‌ನಲ್ಲಿ ಸುಮಾರು 36 ಮೀಟರ್ ಆಳದಲ್ಲಿ ತೈಲ ಕಂಡಿತು. ಕಲ್ಲಿದ್ದಲಿಗಾಗಿ ರೈಲುಹಳಿ ಹಾಸುತ್ತಿದ್ದ ಅಸ್ಸಾಂ ರೈಲ್ವೇಸ್ ಅಂಡ್ ಟ್ರೇಡಿಂಗ್ ಕಂಪನಿ 1889ರಲ್ಲಿ ದಿಗ್ಬೋಯಿಯಲ್ಲಿ ಕೊರೆಯತೊಡಗಿತು. ಮೊದಲ ಬಾವಿ ಮರುವರ್ಷ ಪೂರ್ಣಗೊಂಡದ್ದು 662 ಅಡಿಗಳಲ್ಲಿ. ಕಾಡಿನಿಂದ ಬಂದ ಆನೆಯ ಕಾಲಿಗೆ ಎಣ್ಣೆ ಮೆತ್ತಿದ್ದನ್ನು ಕಂಡು ಜಾಗ ಗೊತ್ತಾಯಿತು ಎಂಬ ಐತಿಹ್ಯ ಅಲ್ಲಿ ಈಗಲೂ ಇದೆ. ಆನೆಯ ಮಾತು ಏನೇ ಇರಲಿ, 1901ರಲ್ಲಿ ಆರಂಭವಾದ ದಿಗ್ಬೋಯಿ ಸಂಸ್ಕರಣಾಗಾರ ಇಂದಿಗೂ ನಡೆಯುತ್ತಿದೆ. ಕರ್ನಾಟಕದಲ್ಲಿ ನೀರಿಗಾಗಿ ಸಾವಿರ ಅಡಿ ಕೊರೆಸುವ ರೈತರಿಗೆ 662 ಅಡಿ ದೊಡ್ಡದೆನಿಸದು. ಸೋರಿಕೆಯನ್ನು ನಂಬಿ ಕೊರೆದರೆ ಸಿಗುವುದು ಇಷ್ಟು ಮೇಲಿನ ತೈಲವೇ.

ಸೋರಿಕೆ ಇಲ್ಲದ ಕಡೆ ಏನು ಮಾಡುವುದು? ಅಮೆರಿಕದ ಐ. ಸಿ. ವೈಟ್ 1880ರ ದಶಕದಲ್ಲಿ ಕಮಾನಿನಂತೆ ಮಡಿಚಿದ ಪದರಗಳ ನೆತ್ತಿಯಲ್ಲಿ ಕೊರೆಯಬೇಕು ಎಂದು ವಾದಿಸಿ, ಅದರಂತೆ ಅನಿಲ ತೆಗೆದು ತೋರಿಸಿದರು. ಈ ಒಂದು ನಿಯಮ ಹಲವು ದಶಕ ತೈಲೋದ್ಯಮವನ್ನು ಆಳಿತು. ನಿಯಮ ಗಟ್ಟಿಯಾದಷ್ಟೂ ಅದರಾಚೆಗೆ ನೋಡುವ ಕಣ್ಣು ಮುಚ್ಚುತ್ತದೆ. 1930ರಲ್ಲಿ ಪೂರ್ವ ಟೆಕ್ಸಸ್‌ನಲ್ಲಿ ಡ್ಯಾಡ್ ಜಾಯ್ನರ್ ಎಂಬ ವೃದ್ಧ ಸಾಹಸಿ ಹಳೆಯ ಸಾಮಾನುಗಳಿಂದ ಕೊರೆಸಿದ ಮೂರನೆಯ ಬಾವಿಯಲ್ಲಿ ತೈಲ ಹೊಮ್ಮಿತು. ದೊಡ್ಡ ಕಂಪನಿಗಳ ಭೂವಿಜ್ಞಾನಿಗಳು ಅಲ್ಲಿ ಕಮಾನು ಇಲ್ಲವಾದ್ದರಿಂದ ತೈಲವೂ ಇಲ್ಲ ಎಂದಿದ್ದರು. ಕಮಾನು ಇಲ್ಲವೆಂಬುದು ನಿಜವೇ ಆಗಿತ್ತು. ವುಡ್‌ಬೈನ್ ಎಂಬ ಮರಳುಗಲ್ಲಿನ ಪದರ ಪೂರ್ವದತ್ತ ತೆಳುವಾಗುತ್ತ ಮುಗಿದುಹೋಗುವ ಕಡೆ ತೈಲ ನಿಂತಿತ್ತು. ಅದು ಅಮೆರಿಕದ ಅತಿ ದೊಡ್ಡ ಕ್ಷೇತ್ರಗಳಲ್ಲಿ ಒಂದಾಯಿತು.

ಅಷ್ಟರಲ್ಲಿ ಭೌತವಿಜ್ಞಾನ ಹುಡುಕಾಟಕ್ಕೆ ಬಂದಿತ್ತು. ಹಂಗೇರಿಯ ಲೋರಾಂಡ್ ಅಟ್ವೋಶ್ ರೂಪಿಸಿದ ತಿರುಚು ತಕ್ಕಡಿ ಗುರುತ್ವದ ಅತಿಸೂಕ್ಷ್ಮ ಏರಿಳಿತವನ್ನು ಅಳೆದು, ಟೆಕ್ಸಸ್‌ನಲ್ಲಿ ಹಗುರವಾದ ಉಪ್ಪಿನ ಗುಮ್ಮಟಗಳ ಇರವನ್ನು ಸೂಚಿಸಿತು. 1921ರಲ್ಲಿ ಓಕ್ಲಹೋಮದಲ್ಲಿ ಜೆ. ಸಿ. ಕಾರ್ಚರ್ ಮತ್ತು ಜತೆಗಾರರು ನೆಲದಲ್ಲಿ ಸಿಡಿಮದ್ದು ಸ್ಫೋಟಿಸಿ, ಆ ಕಂಪನ ಕೆಳಗಿನ ಪದರಗಳಿಂದ ಪುಟಿದು ಬರುವ ಹೊತ್ತನ್ನು ದಾಖಲಿಸಿದರು. ಇಂದಿನ ಭೂಕಂಪನ ಸಮೀಕ್ಷೆಯ ಮೂಲ ಅದು. ಈಗ ನೆಲದ ಮೇಲೆ ಭಾರಿ ಲಾರಿಗಳು ಕಬ್ಬಿಣದ ಹಲಗೆ ಒತ್ತಿ ನೆಲವನ್ನು ನಡುಗಿಸುತ್ತವೆ, ಸಮುದ್ರದಲ್ಲಿ ಹಡಗುಗಳು ಒತ್ತಿದ ಗಾಳಿಯನ್ನು ನೀರಿಗೆ ಬಿಟ್ಟು ಸದ್ದು ಮಾಡುತ್ತ, ಹಿಂದೆ ಕಿಲೋಮೀಟರ್‌ಗಟ್ಟಲೆ ಉದ್ದದ ಕೇಬಲ್ಲುಗಳಲ್ಲಿ ಮರುದನಿಯನ್ನು ಹಿಡಿಯುತ್ತವೆ. ಸಿಗುವ ಚಿತ್ರ ನೋಡಲು ನೆಲದ ಸೀಳುನೋಟದಂತೆಯೇ ಇರುತ್ತದೆ. ಆದರೆ ಅದು ಆಳದ ಚಿತ್ರವಲ್ಲ, ಸದ್ದು ಹೋಗಿ ಬರಲು ಹಿಡಿದ ಹೊತ್ತಿನ ಚಿತ್ರ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ, ಗಟ್ಟಿ ಸುಣ್ಣದ ಕಲ್ಲಿನಲ್ಲಿ ಅದರ ಮೂರು ಪಟ್ಟು ಅಥವಾ ಹೆಚ್ಚು. ನಡುವಿನ ಪದರಗಳ ವೇಗದ ಅಂದಾಜು ತಪ್ಪಿದರೆ ಇಲ್ಲದ ಗುಮ್ಮಟ ಎದ್ದು ಕಾಣುತ್ತದೆ, ಇರುವ ಗುಮ್ಮಟ ಮಾಯವಾಗುತ್ತದೆ. ಸಮೀಕ್ಷೆಯಲ್ಲಿ ಕಂಡ ಮೇಲೂ ಬಾವಿಗಳು ಬರಡಾಗುವುದಕ್ಕೆ ಇದೂ ಒಂದು ಕಾರಣ.

ಬಾವಿ ಕೊರೆದ ಮೇಲೂ ಒಳಗಿರುವುದು ತೈಲವೋ ನೀರೋ ಎಂದು ತಿಳಿಯುವುದು ಸುಲಭವಲ್ಲ. ಕೊಳವೆಯೊಳಗೆ ಸದಾ ಕೆಸರಿನಂಥ ದ್ರವ ಹರಿಯುತ್ತಿರುತ್ತದೆ. ಒಳಗಿನ ಒತ್ತಡವನ್ನು ತಡೆದು, ಕಲ್ಲಿನ ಚೂರುಗಳನ್ನು ಮೇಲೆ ತರುವುದು ಅದರ ಕೆಲಸ. ಆ ಚೂರುಗಳನ್ನು ತೊಳೆದು, ಅತಿನೇರಳೆ ಬೆಳಕಿನಲ್ಲಿ ಹಿಡಿದು ಎಣ್ಣೆಯ ಹೊಳಪನ್ನು ಹುಡುಕುವ ಭೂವಿಜ್ಞಾನಿ ರಿಗ್‌ನ ಮೇಲೆ ಹಗಲಿರುಳು ಇರುತ್ತಾರೆ. ಇದಕ್ಕಿಂತ ದೊಡ್ಡ ನೆರವು ಬಂದದ್ದು 1927ರ ಸೆಪ್ಟೆಂಬರ್‌ನಲ್ಲಿ, ಫ್ರಾನ್ಸಿನ ಅಲ್ಸಾಸ್‌ನ ಪೆಶೆಲ್‌ಬ್ರಾನ್ ಎಂಬಲ್ಲಿ. ಶ್ಲುಂಬರ್ಜೆ ಸಹೋದರರ ತಂಡ ಬಾವಿಯೊಳಗೆ ತಂತಿಯಲ್ಲಿ ಉಪಕರಣ ಇಳಿಸಿ, ಅಡಿ ಅಡಿಗೂ ಕಲ್ಲಿನ ವಿದ್ಯುತ್ ರೋಧವನ್ನು ಅಳೆಯಿತು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹಾಯಗೊಡುತ್ತದೆ, ತೈಲ ಹಾಯಗೊಡದು. ಈ ಒಂದು ವ್ಯತ್ಯಾಸ ಹಿಡಿದು ಕತ್ತಲೆಯ ಬಾವಿಯೊಳಗೆ ತೈಲವಿರುವ ಪದರವನ್ನು ಗುರುತಿಸಬಹುದಾಯಿತು. ಇಂದು ಪ್ರತಿ ಬಾವಿಗೂ ಹೀಗೆ ಲಾಗ್ ತೆಗೆಯುತ್ತಾರೆ.

ಈ ಎಲ್ಲ ಸಂಗತಿಗಳು ಒಂದೇ ಕಡೆ ಸೇರಿ ಕಾಣುವುದು ಅರಬ್ಬಿ ಸಮುದ್ರದ ಬಾಂಬೆ ಹೈ ತೈಲಕ್ಷೇತ್ರದಲ್ಲಿ. ಸ್ವಾತಂತ್ರ್ಯ ಬಂದಾಗ ದೇಶದ ತೈಲವೆಲ್ಲ ಅಸ್ಸಾಂನದ್ದೇ, ಅದೂ ವಿದೇಶಿ ಕಂಪನಿಯ ಕೈಯಲ್ಲಿ. ಅದರಾಚೆ ಭಾರತದಲ್ಲಿ ತೈಲವಿಲ್ಲ ಎಂಬ ಅಭಿಪ್ರಾಯ ಪಾಶ್ಚಾತ್ಯ ಕಂಪನಿಗಳ ವಲಯದಲ್ಲಿ ಬಲವಾಗಿತ್ತು. ಕೇಂದ್ರ ಸಚಿವ ಕೇಶವದೇವ ಮಾಳವೀಯ ಅದನ್ನು ಒಪ್ಪಲಿಲ್ಲ. ಅವರ ಒತ್ತಾಸೆಯಿಂದ 1956ರಲ್ಲಿ ಓಎನ್‌ಜಿಸಿ (ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ) ರೂಪುಗೊಂಡಿತು, ಸೋವಿಯತ್ ತಜ್ಞರು ನೆರವಿಗೆ ಬಂದರು. 1958ರಲ್ಲಿ ಗುಜರಾತಿನ ಖಂಭಾತ್ ಬಳಿಯ ಲುನೇಜ್‌ನಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ ತೈಲ ಸಿಕ್ಕಿತು. ಭೂಮಿಯ ಮೇಲೆ ಸಿಕ್ಕ ಆ ಪದರಗಳು ಕಡಲಿನೊಳಗೂ ಮುಂದುವರಿಯಬೇಕು ಎಂಬುದು ಮುಂದಿನ ತರ್ಕ. 1960ರ ದಶಕದ ಮೊದಲರ್ಧದಲ್ಲಿ ‘ಅಕಾಡೆಮಿಕ್ ಅರ್ಖಾಂಗೆಲ್ಸ್ಕಿ’ ಎಂಬ ಸೋವಿಯತ್ ಹಡಗು ಅರಬ್ಬಿ ಸಮುದ್ರದಲ್ಲಿ ಭೂಕಂಪನ ಸಮೀಕ್ಷೆ ನಡೆಸಿ, ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ಪಶ್ಚಿಮಕ್ಕೆ ಬಾಂಬೆ ಹೈ ಎಂಬ ಭಾರಿ ಉಬ್ಬನ್ನು ಗುರುತಿಸಿತು.

ಗುರುತಿಸಿದ ಕೂಡಲೇ ಕೊರೆಯಲು ದೇಶದಲ್ಲಿ ರಿಗ್ ಇರಲಿಲ್ಲ, ಅಷ್ಟು ನೀರಿನಲ್ಲಿ ಕೆಲಸ ಮಾಡಿದ ಅನುಭವವೂ ಇರಲಿಲ್ಲ. ಖಂಭಾತ್ ಕೊಲ್ಲಿಯ ಆಲಿಯಾಬೇಟ್‌ನಲ್ಲಿ 1970ರಲ್ಲಿ ಮೊದಲ ಪಾಠವಾಯಿತು. ಆಮೇಲೆ ಜಪಾನಿನಲ್ಲಿ ಕಟ್ಟಿಸಿದ ‘ಸಾಗರ್ ಸಮ್ರಾಟ್’ ಬಂತು. ಕಾಲುಗಳನ್ನು ಕಡಲತಳಕ್ಕೆ ಇಳಿಸಿ ತನ್ನ ಒಡಲನ್ನು ನೀರಿನಿಂದ ಮೇಲೆತ್ತಿ ನಿಲ್ಲುವ ರಿಗ್ ಅದು. 1974ರ ಜನವರಿ ಕೊನೆಯಲ್ಲಿ ಕೊರೆತ ಆರಂಭವಾಗಿ ಫೆಬ್ರುವರಿಯಲ್ಲಿ ತೈಲ ಸಿಕ್ಕಿತು. 1973ರ ಅಕ್ಟೋಬರ್ ಯುದ್ಧದ ನಂತರ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟು ಏರಿ ದೇಶದ ವಿದೇಶಿ ವಿನಿಮಯ ಬರಿದಾಗುತ್ತಿದ್ದ ಹೊತ್ತದು. 1976ರ ಮೇ 21ರಂದು ಉತ್ಪಾದನೆ ಶುರುವಾಯಿತು. ಸಿಕ್ಕ ಎರಡೇ ವರ್ಷದಲ್ಲಿ ನಡುಗಡಲಿನಿಂದ ತೈಲ ಹರಿಸಿದ್ದು ಯಾವ ದೇಶಕ್ಕಾದರೂ ಹೆಮ್ಮೆಯ ಕೆಲಸ. ಒಂದು ರೂಪಾಯಿ ನೋಟಿನ ಹಿಂಬದಿಯಲ್ಲಿ ಕಾಣುವ ರಿಗ್ ಇದೇ ಸಾಗರ್ ಸಮ್ರಾಟ್. ಜೇಬಿನಲ್ಲಿಟ್ಟು ತಿರುಗಿದವರೆಷ್ಟೋ ಮಂದಿ ಅದು ಏನೆಂದು ಕೇಳಿಕೊಂಡಿರಲಾರರು.

ಬಾಂಬೆ ಹೈಯ ಮುಖ್ಯ ತೈಲಪದರ ಕಡಲತಳದ ಕೆಳಗೆ ಸುಮಾರು 1,300 ಮೀಟರ್ ಆಳದ ಸುಣ್ಣದ ಕಲ್ಲು. ಒಂದೂವರೆ-ಎರಡು ಕೋಟಿ ವರ್ಷಗಳ ಹಿಂದೆ ತಿಳಿನೀರಿನ ಆಳವಿಲ್ಲದ ಕಡಲಲ್ಲಿ ಕೂತದ್ದು. ಅಷ್ಟು ಮೇಲಿನ ಕಲ್ಲಿನಲ್ಲಿ ತೈಲ ಬೇಯಲು ಶಾಖ ಸಾಲದು. ತೈಲ ಬಂದದ್ದು ಪಕ್ಕದ ಆಳವಾದ ತಗ್ಗುಗಳಲ್ಲಿರುವ, ಅದಕ್ಕಿಂತ ಬಹಳ ಹಳೆಯದಾದ ಪನ್ನಾ ಎಂಬ ಹೆಸರಿನ ಜೇಡಿಪದರಗಳಿಂದ. ಅವು ಆಳಕ್ಕೆ ಹೂತು ಬೆಂದವು, ತೈಲ ಇಳಿಜಾರು ಹಿಡಿದು ಮೇಲೇರಿತು, ಅಷ್ಟರಲ್ಲಿ ಉಬ್ಬಿನ ಮೇಲೆ ಸುಣ್ಣದ ಕಲ್ಲು ಕೂತು, ಅದರ ಮೇಲೆ ಜೇಡಿಯ ಮುಚ್ಚಳವೂ ಬಿದ್ದಿತ್ತು. ಸರದಿ ಎಲ್ಲೂ ತಪ್ಪಲಿಲ್ಲ. ಇನ್ನೂ ಸೋಜಿಗವೆಂದರೆ, ಆ ಉಬ್ಬಿನ ಬುಡದಲ್ಲಿರುವ ಪುರಾತನ ಗ್ರಾನೈಟಿನ ಬಿರುಕುಗಳಲ್ಲೂ ಕೆಲವೆಡೆ ತೈಲ ಸಿಕ್ಕಿದೆ. ಗ್ರಾನೈಟ್ ತೈಲವನ್ನು ಹುಟ್ಟಿಸಲಿಲ್ಲ, ಪಕ್ಕದಿಂದ ಬಂದದ್ದಕ್ಕೆ ಜಾಗ ಕೊಟ್ಟಿತು.

ರಾಜಸ್ಥಾನದ ಬಾಡಮೇರ್ ಕಥೆ ಬೇರೆ ರೀತಿಯದು. ಅಲ್ಲಿ ಮರುಭೂಮಿಯ ಅಡಿಯಲ್ಲಿ, ಆರು ಕೋಟಿ ವರ್ಷಗಳ ಹಿಂದೆ ನೆಲ ಸೀಳಿ ಕುಸಿದ ಉದ್ದನೆಯ ಕಣಿವೆಯೊಂದು ಹೂತಿದೆ. ಅದರಲ್ಲಿ ಮೊದಲು ನದಿಗಳು ಹರಿದು ಫತೇಗಢ್ ಮರಳುಗಲ್ಲನ್ನು ಬಿಟ್ಟವು. ಆಮೇಲೆ ಸರೋವರ ನಿಂತು, ಪಾಚಿ ತುಂಬಿದ ಕಪ್ಪು ಕೆಸರು ಅದರ ಮೇಲೆ ಕೂತಿತು. ಕಣಿವೆಯ ನಡುಭಾಗ ಆಳಕ್ಕಿಳಿದು ಬೆಂದ ಮೇಲೆ ತೈಲ ಅಂಚಿನಲ್ಲಿ ಎತ್ತರಕ್ಕೆ ವಾಲಿ ನಿಂತಿದ್ದ ಮರಳುಗಲ್ಲಿನ ಬ್ಲಾಕುಗಳಿಗೆ ಸೇರಿತು. ಶೆಲ್‌ನಂಥ ದೈತ್ಯ ಕಂಪನಿ ಈ ಪ್ರದೇಶದಲ್ಲಿ ಕೆಲಸ ಮಾಡಿ, ಹೇಳಿಕೊಳ್ಳುವಂಥದ್ದು ಸಿಗದೆ ತನ್ನ ಪಾಲನ್ನು ಸ್ಕಾಟ್ಲೆಂಡಿನ ಕೇರ್ನ್ ಕಂಪನಿಗೆ ಮಾರಿ ಹೊರಟಿತು. ಕೇರ್ನ್ ಬಿಡದೆ ಕೊರೆಯಿತು. 2004ರ ಜನವರಿಯಲ್ಲಿ ಮಂಗಳಾ ಕ್ಷೇತ್ರ ಸಿಕ್ಕಿತು, ಅದರ ಬೆನ್ನಿಗೇ ಭಾಗ್ಯಂ, ಐಶ್ವರ್ಯಾ. ದೇಶದ ನೆಲಭಾಗದಲ್ಲಿ ಎರಡು ದಶಕಗಳಲ್ಲಿ ಅಷ್ಟು ದೊಡ್ಡ ಶೋಧ ಆಗಿರಲಿಲ್ಲ.

ಸರೋವರದ ಪಾಚಿಯಿಂದ ಹುಟ್ಟಿದ ಮಂಗಳಾ ತೈಲದಲ್ಲಿ ಮೇಣದ ಅಂಶ ಹೆಚ್ಚು. 40 ಡಿಗ್ರಿ ಸೆಲ್ಸಿಯಸ್‌ಗಿಂತ ತಣಿದರೆ ಅದು ಹರಿಯುವುದನ್ನು ಬಿಟ್ಟು ಗಟ್ಟಿಯಾಗುತ್ತದೆ. ಮರುಭೂಮಿಯ ಚಳಿಗಾಲದ ರಾತ್ರಿ ಅದನ್ನು ಸಾಗಿಸುವುದು ಹೇಗೆ? 2009ರ ಆಗಸ್ಟ್‌ನಲ್ಲಿ ಉತ್ಪಾದನೆ ಶುರುವಾದಾಗ ಗುಜರಾತಿನ ಕರಾವಳಿಯತ್ತ ಉದ್ದಕ್ಕೂ ಬಿಸಿ ಮಾಡುವ, ಮೇಲೆ ಶಾಖರೋಧಕ ಸುತ್ತಿದ ಕೊಳವೆಮಾರ್ಗವನ್ನೇ ಕಟ್ಟಬೇಕಾಯಿತು. ಅದು 600 ಕಿಲೋಮೀಟರ್‌ಗೂ ಉದ್ದ. ಆರು ಕೋಟಿ ವರ್ಷದ ಹಿಂದೆ ಆ ನೀರಿನಲ್ಲಿ ಬೆಳೆದದ್ದು ಏನು ಎಂಬುದು ಇಂದಿನ ಎಂಜಿನಿಯರಿನ ಖರ್ಚಿನ ಪಟ್ಟಿಯನ್ನು ನಿರ್ಧರಿಸುತ್ತದೆ.

ಬಂಗಾಳದಲ್ಲಿ ತಾಳ್ಮೆ ಇನ್ನೂ ದೀರ್ಘ. 1950ರ ದಶಕದಲ್ಲಿ ಭಾರತ ಸರ್ಕಾರ ಮತ್ತು ಸ್ಟ್ಯಾಂಡರ್ಡ್ ವ್ಯಾಕ್ಯೂಮ್ ಕಂಪನಿ ಸೇರಿ ಅಲ್ಲಿ ಹಲವು ಬಾವಿ ಕೊರೆದು ಬರಿಗೈಯಲ್ಲಿ ನಿಂತವು. ಓಎನ್‌ಜಿಸಿ ದಶಕಗಳ ಕಾಲ ಹುಡುಕಾಟ ಮುಂದುವರಿಸಿತು. ಕೊನೆಗೆ ಉತ್ತರ 24 ಪರಗಣ ಜಿಲ್ಲೆಯ ಅಶೋಕನಗರದಲ್ಲಿ ತೈಲ, ಅನಿಲ ಸಿಕ್ಕಿ 2020ರ ಡಿಸೆಂಬರ್‌ನಲ್ಲಿ ಉತ್ಪಾದನೆ ಉದ್ಘಾಟನೆಯಾಯಿತು. ಹಳೆಯ ಬರಡು ಬಾವಿಗಳ ಲಾಗ್ ಮತ್ತು ಕಲ್ಲಿನ ಮಾದರಿಗಳಿಲ್ಲದೆ ಇಂಥ ಶೋಧ ಆಗುವುದಿಲ್ಲ. ಅವುಗಳನ್ನು ಜೋಪಾನವಾಗಿ ಕಾದಿಡುವ ಸಂಗ್ರಹಾಲಯಗಳು, ದಾಖಲೆಗಳು ಬಾವಿಯಷ್ಟೇ ಮುಖ್ಯ. ಈ ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಬರಡು ಬಾವಿಗಾದ ಖರ್ಚನ್ನು ಪೋಲು ಎಂದು ಬರೆಯುವುದು ಸುಲಭ.

ಕರ್ನಾಟಕದಲ್ಲಿ ತೈಲ ಏಕಿಲ್ಲ ಎಂಬ ಪ್ರಶ್ನೆ ಇಂಥ ಸಭೆಗಳಲ್ಲಿ ಏಳುವುದು ಸಹಜ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮೇಲೆ ನಿಂತರೆ ಉತ್ತರ ಕಾಲ ಕೆಳಗೇ ಇದೆ. ಆ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ. ಭೂಮಿಯ ಬಹು ಆಳದಲ್ಲಿ ಕಾದು, ಕರಗಿ, ಮತ್ತೆ ಹರಳುಗಟ್ಟಿದ ಕಲ್ಲದು. ಅದರಲ್ಲಿ ಪಾಚಿಯ ಕೆಸರಿಲ್ಲ, ರಂಧ್ರಗಳಿಲ್ಲ. ರಾಜ್ಯದ ಬಹುಭಾಗ ಇಂಥ ಶಿಲೆಯೇ. ಉತ್ತರದಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ ಅದರ ಮೇಲೆ ಸುಮಾರು 6.6 ಕೋಟಿ ವರ್ಷ ಹಿಂದಿನ ದಖ್ಖನ್ ಲಾವಾದ ಹೊದಿಕೆ ಇದೆ. ಬಾಗಲಕೋಟೆಯ ಸುತ್ತಿನ ಕಲಾದಗಿ, ಶಹಾಬಾದ್ ಕಲ್ಲು ಸಿಗುವ ಭೀಮಾ ಕಣಿವೆ, ಇವೆರಡೇ ಗಮನಾರ್ಹ ಪದರಶಿಲೆಯ ತಾಣಗಳು. ದೇಶದ 26 ಸಂಭಾವ್ಯ ಬೇಸಿನ್‌ಗಳ, ಅಂದರೆ ಪದರಶಿಲೆ ತುಂಬಿದ ತಗ್ಗುಗಳ, ಪಟ್ಟಿಯಲ್ಲಿ ಭೀಮಾ-ಕಲಾದಗಿಯ ಹೆಸರೂ ಇದೆ. ಆದರೆ ಅವು ಭೂಮಿಯ ಮೇಲೆ ಗಿಡಮರಗಳಿರಲಿ, ಮೀನೂ ಇಲ್ಲದ ಕಾಲದವು. ಅಲ್ಲಿ ತೈಲ ಕಂಡುಬಂದಿಲ್ಲ.

ತೈಲ ಹುಟ್ಟಿಸದ ಈ ಗಟ್ಟಿ ಕಲ್ಲೇ ಇನ್ನೊಂದು ಕೆಲಸಕ್ಕೆ ಒದಗಿದೆ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಆಮದಾಗುತ್ತದೆ. ಯುದ್ಧ, ಹಡಗುದಾರಿಯ ತೊಡಕು ಬಂದಾಗ ಬಳಸಲೆಂದು ಕೇಂದ್ರ ಸರ್ಕಾರ ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ತೈಲ ಹಿಡಿಯುವ ಗುಹೆಗಳನ್ನು ಬಂಡೆಯೊಳಗೆ ಕೊರೆಸಿದೆ. ಮೂರನೆಯದು ವಿಶಾಖಪಟ್ಟಣದಲ್ಲಿದೆ. ಈ ಗುಹೆಗಳಿಗೆ ಒಳಗೋಡೆಯಾಗಿ ಉಕ್ಕಿನ ತಗಡಿಲ್ಲ. ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಇರುವುದರಿಂದ ಸುತ್ತಲಿನ ಬಿರುಕುಗಳ ನೀರು ಸದಾ ಒಳಮುಖವಾಗಿ ಒತ್ತುತ್ತದೆ, ತೈಲ ಹೊರಗೆ ಸೋರದಂತೆ ಆ ಒತ್ತಡವೇ ಕಾಯುತ್ತದೆ. ಒತ್ತಡ ಕುಗ್ಗದಂತೆ ಗುಹೆಯ ಮೇಲ್ಭಾಗದಲ್ಲಿ ರಂಧ್ರಗಳ ಮೂಲಕ ನೀರು ಹಾಯಿಸುತ್ತಿರುತ್ತಾರೆ. ಒಳಗೆ ಸೋರಿದ ನೀರು ತೈಲಕ್ಕಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ, ಅದನ್ನು ಪಂಪ್ ಮಾಡಿ ತೆಗೆಯುತ್ತಾರೆ.

ಪಾದೂರಿನಿಂದ ಹೆಚ್ಚು ದೂರವಿಲ್ಲದ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಕಂಬಗಳಂತೆ ನಿಂತ ಲಾವಾಕ್ಕೆ ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬಿರಿದು ದೂರವಾಗುವ ಹೊತ್ತಿನ ಲಾವಾ ಅದು. ನೆಲ ಬಿರಿದು ಇಕ್ಕಟ್ಟಾದ ಹೊಸ ಕಡಲು ಹುಟ್ಟುವಾಗ ಮೂಲಶಿಲೆಗೆ ಬೇಕಾದ ಕೆಸರು ಕೂರುವ ಅವಕಾಶ ಹೆಚ್ಚು. ಹಾಗಾಗಿ ಕರ್ನಾಟಕದ ಕರಾವಳಿಯ ಆಚೆಗೆ ಹಬ್ಬಿದ ಕೇರಳ-ಕೊಂಕಣ ಬೇಸಿನ್ ಮೇಲೆ ತೈಲಶೋಧಕರ ಕಣ್ಣು ಬಹುಕಾಲದಿಂದ ಇದೆ. ಅಲ್ಲಿ ಕೊರೆದ ಬಾವಿಗಳು ಇದುವರೆಗೆ ವಾಣಿಜ್ಯ ಪ್ರಮಾಣದ ತೈಲ ಕೊಟ್ಟಿಲ್ಲ. ಮುಖ್ಯ ತೊಡಕು ಕೆಳಗಿನ ಪದರಗಳ ಮೇಲೆ ಹಲವೆಡೆ ಹರಡಿರುವ ದಖ್ಖನ್ ಲಾವಾ. ಅದು ಭೂಕಂಪನ ಅಲೆಗಳನ್ನು ಚದುರಿಸಿ ಕೆಳಗಿನದನ್ನು ಮಸುಕು ಮಾಡುತ್ತದೆ. ಸೌರಾಷ್ಟ್ರದಲ್ಲಿ ಇದೇ ತೊಡಕಿಗೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಭೂಮಿಯ ಸಹಜ ವಿದ್ಯುತ್-ಕಾಂತೀಯ ಏರಿಳಿತವನ್ನು ಅಳೆಯುವ ವಿಧಾನ ಬಳಸಿ, ಲಾವಾದ ಕೆಳಗೆ ದಪ್ಪನೆಯ ಹಳೆಯ ಪದರಶಿಲೆಗಳಿರುವುದನ್ನು ತೋರಿಸಿದೆ. ಕೊಂಕಣದ ಕಡಲಿನಡಿ ಅಂಥ ಪದರಗಳು ಎಷ್ಟು ದಪ್ಪ, ಎಷ್ಟು ಬಿಸಿ ಕಂಡಿವೆ, ಅವು ಬೆಂದದ್ದು ಮೇಲಿನ ತಡೆಗಳು ರೂಪುಗೊಳ್ಳುವ ಮುಂಚೆಯೋ ಆಮೇಲೋ ಎಂಬ ಲೆಕ್ಕ ಕೂಡಬೇಕಾದರೆ ಲಾವಾವನ್ನು ದಾಟಿ ಇಳಿಯುವ ಇನ್ನಷ್ಟು ಆಳದ ಬಾವಿಗಳು ಬೇಕು.